ಮರ ಬಾಡಿದರೆ ಔಷಧಕ್ಕೆ ಮೊದಲು ತೂತು ನೋಡಿ, ಹುಡಿ ನೋಡಿ

ಮರವೊಂದು ಬಾಡಿದ್ದು ಕಂಡರೆ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ. ಯಾವ ಹುಳು? ಯಾವ ಔಷಧ? ಕಾಡುಮರಗಳ ವಿಷಯದಲ್ಲಿ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹುಳು ಮರದ ಯಾವ ಭಾಗವನ್ನು ತಿನ್ನುತ್ತಿದೆ? ಎಲೆಯೋ, ಚಿಗುರೋ, ತೊಗಟೆಯ ಒಳಪದರವೋ, ಕಟ್ಟಿಗೆಯೋ, ಬೇರೋ? ಇಷ್ಟು ಗೊತ್ತಾದರೆ ಮುಂದೇನು ಮಾಡಬೇಕು ಅನ್ನುವುದು ಮುಕ್ಕಾಲು ಪಾಲು ತಿಳಿದ ಹಾಗೆಯೇ.

ಎಲೆ ಹೋದರೆ ಮರ ಮತ್ತೆ ಚಿಗುರಬಹುದು. ತೊಗಟೆಯ ಒಳಪದರ ಸುತ್ತಲೂ ಹೋದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ಸಾಯುತ್ತದೆ. ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಕಟ್ಟಿಗೆ, ಕೊರೆದರೆ ಮರ ಹಸಿರಾಗಿ ನಿಂತೇ ಇರುತ್ತದೆ, ಆದರೆ ದಿಮ್ಮಿ ಕೆಲಸಕ್ಕೆ ಬಾರದು. ಮೂರಕ್ಕೂ ಒಂದೇ ಮದ್ದು ಹೇಗಾದೀತು?

ಇನ್ನೊಂದು ತೊಂದರೆಯೂ ಇದೆ. ನೀವು ಹೋಗಿ ನೋಡುವ ಹೊತ್ತಿಗೆ ಹುಳು ಅಲ್ಲಿ ಇರದೇ ಇರಬಹುದು, ಅಥವಾ ಕಣ್ಣಿಗೆ ಬೀಳದಷ್ಟು ಒಳಗಿರಬಹುದು. ಉಳಿಯುವುದು ಅದರ ಕೆಲಸದ ಗುರುತು ಮಾತ್ರ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಗುರುತು ಓದುವುದಕ್ಕೇ ಹೋಗಿದೆ. ಒಂದು ಚೂಪಾದ ಚಾಕು, ಭೂತಗನ್ನಡಿ, ಸಣ್ಣ ಅಳತೆಪಟ್ಟಿ, ಬಿಳಿ ಬಟ್ಟೆಯ ತುಂಡು, ಮುಚ್ಚಳವಿರುವ ನಾಲ್ಕಾರು ಶೀಶೆ, ಸಾಧ್ಯವಾದರೆ ಬೈನಾಕ್ಯುಲರ್. ಇಷ್ಟು ಜೊತೆಗಿದ್ದರೆ ಸಾಕು.

ಹೆಜ್ಜೆ 1: ದೂರ ನಿಂತು ನೆತ್ತಿ ನೋಡಿ

ಮರದ ಹತ್ತಿರ ಹೋಗುವ ಮೊದಲು ದೂರದಿಂದಲೇ ಇಡೀ ಗುಂಪನ್ನು ನೋಡಿ. ಒಣಗಿದ ಮರಗಳು ಅಲ್ಲೊಂದು ಇಲ್ಲೊಂದು ಇವೆಯೋ, ಒಂದೇ ಕಡೆ ಗುಂಪಾಗಿವೆಯೋ? ಒಂದೇ ಜಾತಿಯ ಮರಗಳೋ, ಸಿಕ್ಕಿದ್ದೆಲ್ಲವೋ? ಹಲವು ಜಾತಿಯ ಮರಗಳು ಒಟ್ಟಿಗೇ ಸೊರಗಿದ್ದರೆ ಹುಳುವಿನ ಮೇಲೆ ಅನುಮಾನ ಬೇಡ. ನೀರು ನಿಂತಿದ್ದು, ಬರ, ಬೆಂಕಿ, ಬೇರು ಕತ್ತರಿಸಿದ್ದು ಇಂಥದ್ದೇನೋ ನಡೆದಿರುತ್ತದೆ. ಬಹುತೇಕ ಕೀಟಗಳು ತಮಗೆ ಬೇಕಾದ ಒಂದೆರಡು ಜಾತಿಯನ್ನೋ, ಅದೇ ಕುಟುಂಬದ ಮರಗಳನ್ನೋ ಹುಡುಕಿಕೊಂಡು ಹೋಗುತ್ತವೆ.

ನೆತ್ತಿಯ ತುದಿಯಿಂದ ಒಣಗುತ್ತಾ ಬಂದಿದ್ದರೆ ಕಾಂಡ ಕೊರಕ ಅಥವಾ ಬೇರಿನ ತೊಂದರೆ ಇರಬಹುದು. ಎಲೆ ಕಂದಾಗಿ ಮರದಲ್ಲೇ ಜೋತಾಡುತ್ತಿದ್ದರೆ ಒಳಗೆ ನೀರಿನ ಹರಿವು ಒಮ್ಮೆಗೇ ನಿಂತಿದೆ ಅಂತ ಅರ್ಥ. ಎಲೆಯೇ ಇಲ್ಲ, ಆದರೆ ಕಡ್ಡಿಗಳು ಹಸಿಯಾಗಿವೆ ಅಂದರೆ ಎಲೆ ತಿನ್ನುವ ಹುಳು. ಉಗುರಿನಿಂದ ಎಳೆ ಕಡ್ಡಿಯನ್ನು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮರಕ್ಕೆ ಇನ್ನೂ ಜೀವವಿದೆ. ಎಲೆ ಉದುರುವ ಕಾಲದಲ್ಲಿ ಬೋಳಾದ ಮರ ನೋಡಿ ಗಾಬರಿಯಾಗುವವರೂ ಇದ್ದಾರೆ, ಆದ್ದರಿಂದ ಅದೇ ಜಾತಿಯ ಪಕ್ಕದ ಮರದ ಜೊತೆ ಹೋಲಿಸಿ ನೋಡುವುದನ್ನು ಮರೆಯಬೇಡಿ.

ಮರಕುಟಿಗಗಳು ಒಂದೇ ಕಾಂಡವನ್ನು ಮತ್ತೆ ಮತ್ತೆ ಕುಟ್ಟುತ್ತಿವೆಯಾ? ಹಾಗಿದ್ದರೆ ಆ ತೊಗಟೆಯ ಕೆಳಗೆ ಮರಿಹುಳುಗಳಿವೆ. ನಮಗಿಂತ ಮೊದಲೇ ಅವಕ್ಕೆ ಗೊತ್ತಾಗಿರುತ್ತದೆ.

ಹೆಜ್ಜೆ 2: ಎಲೆಯನ್ನು ಕೈಗೆತ್ತಿಕೊಳ್ಳಿ

ಎಲೆಯನ್ನು ಹೇಗೆ ತಿಂದಿದೆ ಅನ್ನುವುದರಲ್ಲೇ ತಿಂದವರ ಪರಿಚಯ ಸಿಗುತ್ತದೆ. ತೇಗದ ಮರವನ್ನೇ ತೆಗೆದುಕೊಳ್ಳಿ. ಅದರ ಎಲೆಗೆ ಎರಡು ಮುಖ್ಯ ಶತ್ರುಗಳು. ಒಂದು ಹುಳು ದಪ್ಪ ನರಗಳನ್ನಷ್ಟೇ ಬಿಟ್ಟು ಎಲೆಯನ್ನೇ ಮುಗಿಸುತ್ತದೆ. ಇದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳು. ಇನ್ನೊಂದು ಸಣ್ಣ ಸಣ್ಣ ನರಗಳನ್ನೂ ಬಿಟ್ಟು ನಡುವಿನ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ, ಎಲೆ ಕಂದು ಬಣ್ಣದ ಜಾಲರಿಯಾಗಿ ಮರದಲ್ಲೇ ಉಳಿಯುತ್ತದೆ. ಇದು ಯುಟೆಕ್ಟೋನಾ ಎಂಬ ಬೇರೆ ಪತಂಗದ ಕೆಲಸ. ನೋಡುವುದಕ್ಕೆ ಎರಡನೆಯದೇ ಭಯಂಕರ. ಇಡೀ ತೋಪು ಸುಟ್ಟ ಹಾಗೆ ಕಾಣುತ್ತದೆ. ಆದರೆ ಅದು ಸಾಮಾನ್ಯವಾಗಿ ಬರುವುದು ಬೆಳವಣಿಗೆಯ ಕಾಲ ಮುಗಿಯುತ್ತಾ ಬಂದಾಗ, ಎಲೆ ಹೇಗೂ ಉದುರುವ ಮುನ್ನ. ನಷ್ಟ ಕಡಿಮೆ. ಹೈಬ್ಲಿಯಾ ಬರುವುದು ಎಳೆ ಚಿಗುರು ಬಂದ ಹೊಸತರಲ್ಲಿ, ಮರ ದಪ್ಪವಾಗಬೇಕಾದ ಹೊತ್ತಿನಲ್ಲೇ. ಕೇರಳದ ನಿಲಂಬೂರಿನ ಎಳೆಯ ತೇಗದ ತೋಪುಗಳಲ್ಲಿ ಲೆಕ್ಕ ಹಾಕಿದಾಗ ಈ ಹುಳುವಿನಿಂದಾಗಿ ಮರ ಹಾಕಬೇಕಿದ್ದ ಹೊಸ ಕಟ್ಟಿಗೆಯಲ್ಲಿ ಶೇ. 44ರಷ್ಟು ಕಳೆದುಹೋಗುತ್ತಿತ್ತು. ಮರಗಳು ಸಾಯಲಿಲ್ಲ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಅಷ್ಟರ ಮಟ್ಟಿಗೆ ಇದು ಕಣ್ಣಿಗೆ ಕಾಣದ ನಷ್ಟ.

ಹುಳು ಈಗಲೂ ತಿನ್ನುತ್ತಿದೆಯೋ, ತಿಂದು ಹೋಗಿದೆಯೋ ಎಂದು ತಿಳಿಯಲು ಮರದ ಕೆಳಗೆ ಬಿಳಿ ಬಟ್ಟೆ ಹಾಸಿ ಒಂದು ಗಂಟೆ ಬಿಡಿ. ಹಸಿ ಹಸಿಯಾದ ಹಿಕ್ಕೆಯ ಕಾಳುಗಳು ಬಿದ್ದರೆ ಹುಳು ಮೇಲಿದೆ. ಜಾಸ್ತಿ ಇದ್ದರೆ ಬಟ್ಟೆಯೇ ಬೇಕಾಗುವುದಿಲ್ಲ. ಒಣಗಿದ ಎಲೆಗಳ ಮೇಲೆ ಹಿಕ್ಕೆ ಬೀಳುವ ಸದ್ದು ತುಂತುರು ಮಳೆಯ ಹಾಗೆ ಕೇಳಿಸುತ್ತದೆ. ಹಿಕ್ಕೆ ಒಣಗಿದೆ, ಹುಳುಗಳು ನೂಲು ಬಿಟ್ಟುಕೊಂಡು ಕೆಳಗಿಳಿಯುತ್ತಿವೆ ಅಂದರೆ ಅವು ಕೋಶ ಕಟ್ಟಲು ಹೊರಟಿವೆ. ತಿನ್ನುವ ಕೆಲಸ ಮುಗಿದಿದೆ.

ಎಲೆ ತಿಂದಿಲ್ಲ, ಆದರೆ ಅಂಟಂಟಾಗಿದೆ, ಮೇಲೆ ಮಸಿ ಹಿಡಿದಿದೆ, ಇರುವೆ ಸಾಲುಗಟ್ಟಿದೆ. ಹೀಗಿದ್ದರೆ ರಸ ಹೀರುವ ಕೀಟ. ಎಲೆಯ ಹಿಂಬದಿ ಮತ್ತು ಎಳೆ ಕಡ್ಡಿಗಳ ಮೇಲೆ ಬಿಳಿ ಹಿಟ್ಟು ಮೆತ್ತಿದಂಥ ಹಿಟ್ಟು ತಿಗಣೆಯೋ, ಚಿಪ್ಪಿನಂತೆ ಅಂಟಿಕೊಂಡಿರುವ ಶಲ್ಕ ಕೀಟವೋ ಸಿಗುತ್ತದೆ. ಎಲೆಯ ನಡುನರದಲ್ಲಿ, ತೊಟ್ಟಿನಲ್ಲಿ ಗಂಟುಗಳಿದ್ದರೆ ಅದು ಬೇರೆಯೇ ಕಥೆ. ನೀಲಗಿರಿ ಸಸಿಗಳಲ್ಲಿ ಹೀಗೆ ಗಂಟು ಮಾಡುವುದು ಆಸ್ಟ್ರೇಲಿಯಾ ಮೂಲದ ಒಂದು ಪುಟಾಣಿ ಕಣಜ, ಹೆಸರು ಲೆಪ್ಟೊಸೈಬ್. 2000ದ ಸುಮಾರಿಗೆ ತವರು ಬಿಟ್ಟು ಹೊರಟ ಇದು ಕೆಲವೇ ವರ್ಷಗಳಲ್ಲಿ ಹಲವು ಖಂಡಗಳ ನರ್ಸರಿಗಳನ್ನು ಮುಟ್ಟಿತು.

ಚಿಗುರಿನ ತುದಿ ಒಂದೇ ಬಾಡಿ ಬಗ್ಗಿದ್ದರೆ ಅದನ್ನು ಸೀಳಿ ನೋಡಿ. ಮಹಾಗನಿ ಮತ್ತು ಅದರ ಬಳಗದ ಮರಗಳಲ್ಲಿ ಹಿಪ್ಸಿಪೈಲಾ ಎಂಬ ಪತಂಗದ ಹುಳು ನಡುಚಿಗುರಿನ ಒಳಗೆ ಕೊರೆದು ಇಳಿದಿರುತ್ತದೆ. ಮರ ಸಾಯುವುದಿಲ್ಲ. ನಡುಚಿಗುರು ಹೋದ ಮೇಲೆ ಪಕ್ಕದಿಂದ ಎರಡು ಮೂರು ಚಿಗುರು ಹೊಡೆದು, ನೇರ ಬೆಳೆಯಬೇಕಾದ ಮರ ಗಿಡ್ಡಗಾಗಿ ಕವಲೊಡೆಯುತ್ತದೆ. ದಿಮ್ಮಿಗಾಗಿ ನೆಟ್ಟವರಿಗೆ ಅಲ್ಲಿಗೆ ಆಟ ಮುಗಿಯಿತು ಅಲ್ವಾ? ಮಹಾಗನಿಯ ತವರಾದ ಲ್ಯಾಟಿನ್ ಅಮೆರಿಕದಲ್ಲೇ ಅದರ ತೋಪು ಮಾಡುವುದು ಕಷ್ಟವಾಗಿರುವುದು ಈ ಹುಳುವಿನ ಹತ್ತಿರದ ಬಂಧುವಿನಿಂದ.

ಹೆಜ್ಜೆ 3: ತೂತಿನ ಆಕಾರ, ಹುಡಿಯ ಬಗೆ

ಇಲ್ಲಿ ನಿಧಾನ ಮಾಡಿ. ಕಾಂಡವನ್ನು ಬುಡದಿಂದ ತಲೆಯೆತ್ತರದವರೆಗೆ ಸುತ್ತಲೂ ನೋಡಿ. ತೂತು ಕಂಡರೆ ಅಳೆಯಿರಿ.

ಗುಂಡಗಿನ, ಒಂದೆರಡು ಮಿಲಿಮೀಟರಿನ ಸೂಜಿ ತೂತುಗಳು, ಅವುಗಳಿಂದ ನುಣ್ಣನೆಯ ಬಿಳಿ ಹುಡಿ, ಕೆಲವೊಮ್ಮೆ ಆ ಹುಡಿ ಕಡ್ಡಿಯಾಗಿ ಹೊರಗೆ ಚಾಚಿಕೊಂಡಿರುತ್ತದೆ. ಇದು ಆಂಬ್ರೋಸಿಯಾ ದುಂಬಿ. ಇದು ಕಟ್ಟಿಗೆ ತಿನ್ನುವುದಿಲ್ಲ. ಸುರಂಗ ತೋಡಿ, ಅದರ ಗೋಡೆಯ ಮೇಲೆ ಶಿಲೀಂಧ್ರ ಬೆಳೆಸಿ, ಅದನ್ನು ತಿನ್ನುತ್ತದೆ. ಆ ಶಿಲೀಂಧ್ರದಿಂದ ತೂತಿನ ಸುತ್ತ ಕಟ್ಟಿಗೆ ಕಪ್ಪಾಗುತ್ತದೆ. ಶಿಲೀಂಧ್ರಕ್ಕೆ ತೇವ ಬೇಕು. ಆದ್ದರಿಂದ ಕಡಿದ ದಿಮ್ಮಿಯನ್ನು ಬೇಗ ಸೀಳಿ ಒಣಗಿಸಿದರೆ ಈ ದುಂಬಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅದೇ ಗಾತ್ರದ ಗುಂಡು ತೂತು, ಆದರೆ ಕೆಂಪುಮಿಶ್ರಿತ ಕಂದು ಹುಡಿ ತೊಗಟೆಯ ಬಿರುಕುಗಳಲ್ಲಿ ಕೂತಿದ್ದರೆ ತೊಗಟೆ ದುಂಬಿ. ಹುಡಿಯ ಬಣ್ಣ ಹೇಳುವುದೇ ಅದು ಎಲ್ಲಿ ಕೊರೆಯುತ್ತಿದೆ ಅನ್ನುವುದನ್ನು. ತೊಗಟೆಯ ಹುಡಿ ಕಂದು, ಕಟ್ಟಿಗೆಯ ಹುಡಿ ಬಿಳಿಚು. ಪೈನ್ ಜಾತಿಯ ಮರಗಳಾದರೆ ಪ್ರತಿ ತೂತಿನ ಬಾಯಲ್ಲಿ ರಾಳದ ಮುದ್ದೆ ಇರುತ್ತದೆ. ಮುದ್ದೆಯೊಳಗೆ ದುಂಬಿ ಸಿಕ್ಕಿ ಸತ್ತಿದ್ದರೆ ಆ ಸುತ್ತಿನಲ್ಲಿ ಮರ ಗೆದ್ದಿದೆ.

ತೂತಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಬಾಗಿದ್ದರೆ, ಅಂದರೆ ಡಿ ಅಕ್ಷರದ ಆಕಾರವಿದ್ದರೆ, ಅದು ಹೊಳೆಯುವ ಮೈಯ ಬುಪ್ರೆಸ್ಟಿಡ್ ಗುಂಪಿನ ದುಂಬಿ ಹೊರಬಿದ್ದ ದಾರಿ. ಈ ಗುಂಪಿನಲ್ಲಿ ಹೆಸರು ಕೆಡಿಸಿಕೊಂಡದ್ದು ಎಮರಾಲ್ಡ್ ಆಶ್ ಬೋರರ್, ಅಂದರೆ ಆಶ್ ಎಂಬ ಮರವನ್ನು ಕೊರೆಯುವ ಪಚ್ಚೆ ಬಣ್ಣದ ದುಂಬಿ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಗುವ ಹೊತ್ತಿಗೆ ಅದು ಅಲ್ಲಿ ಬೀಡುಬಿಟ್ಟು ಹಲವು ವರ್ಷಗಳೇ ಕಳೆದಿದ್ದವು. ಆಮೇಲೆ ಕೋಟಿಗಟ್ಟಲೆ ಆಶ್ ಮರಗಳು ಹೋದವು. ತೂತು ಇರುವುದು ಬರೀ ಮೂರು ನಾಲ್ಕು ಮಿಲಿಮೀಟರ್. ಮರ ಒಣಗಿದ್ದು ಕಾಣುವ ತನಕ ಯಾರೂ ತೊಗಟೆ ನೋಡುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಬೆರಳು ತೂರುವಷ್ಟು ದೊಡ್ಡ ತೂತು, ಬುಡದಲ್ಲಿ ನಾರುನಾರಾದ ಒರಟು ಹೊಟ್ಟಿನ ರಾಶಿ ಇದ್ದರೆ ಉದ್ದ ಮೀಸೆಯ ದುಂಬಿ. ಸಾಲ್ ಮರವನ್ನು ಕೊರೆಯುವ ಹಾಪ್ಲೊಸೆರಾಂಬಿಕ್ಸ್ ಈ ಬಳಗದ್ದು. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಸಾಲ್ ಕಾಡುಗಳಲ್ಲಿ ಇದು ವಿಪರೀತ ಹೆಚ್ಚಾಗಿ ಲಕ್ಷಾಂತರ ಮರಗಳನ್ನು ಕಡಿಯಬೇಕಾಯಿತು. ಆರೋಗ್ಯವಾಗಿರುವ ಮರ ಎಳೆಯ ಮರಿಹುಳುಗಳನ್ನು ತನ್ನ ರಾಳದಲ್ಲೇ ಮುಳುಗಿಸಿ ಸಾಯಿಸುತ್ತದೆ. ದುಂಬಿಗಳ ಸಂಖ್ಯೆ ಮಿತಿಮೀರಿದಾಗ ಅಥವಾ ಮರ ಸೊರಗಿದಾಗ ಆ ರಾಳ ಸಾಲುವುದಿಲ್ಲ.

ಹುಡಿಯ ಬದಲು ಉರುಟಾದ ಗುಳಿಗೆಗಳು ತೂತಿನಿಂದ ಉದುರುತ್ತಿದ್ದರೆ ಅದು ದುಂಬಿಯಲ್ಲ, ಪತಂಗದ ಮರಿಹುಳು. ಶ್ರೀಗಂಧ, ತೇಗಗಳ ಎಳೆ ಕಾಂಡದಲ್ಲಿ ಜುಝೆರಾ ಎಂಬ ಕೆಂಪು ಹುಳು ಹೀಗೆ ಮಾಡುತ್ತದೆ. ಕಾಂಡ ಗಾಳಿಗೆ ಅಲ್ಲೇ ಮುರಿಯುತ್ತದೆ. ಇನ್ನು ತೊಗಟೆಯ ಮೇಲೆ ರೇಷ್ಮೆ ನೂಲು ಮತ್ತು ಹಿಕ್ಕೆ ಬೆರೆತ ಕಂದು ಪಟ್ಟಿ ಅಡ್ಡಾದಿಡ್ಡಿ ಹರಿದಿದ್ದರೆ ತೊಗಟೆ ತಿನ್ನುವ ಇಂಡರ್ಬೆಲಾ ಹುಳು. ಪಟ್ಟಿಯನ್ನು ಬೆರಳಿನಿಂದ ಒರೆಸಿ ತೆಗೆದರೆ ಕೆಳಗೆ ತೊಗಟೆ ಹಸಿಯಾಗಿ ಕೆರೆದಿರುತ್ತದೆ. ಪಟ್ಟಿಯ ಒಂದು ತುದಿ ಕವಲಿನ ಸಂದಿಯ ತೂತಿಗೆ ಹೋಗಿ ಸೇರುತ್ತದೆ. ಹಗಲು ಹುಳು ಆ ತೂತಿನಲ್ಲಿ ಅಡಗಿರುತ್ತದೆ, ರಾತ್ರಿ ಈ ಪಟ್ಟಿಯ ಮರೆಯಲ್ಲೇ ಓಡಾಡಿ ತಿನ್ನುತ್ತದೆ. ಇಷ್ಟು ಸುಲಭವಾಗಿ ಸಿಕ್ಕಿಬೀಳುವ ಹುಳು ಬೇರೆ ಇಲ್ಲ.

ಹೆಜ್ಜೆ 4: ತೊಗಟೆ ಎಬ್ಬಿಸುವುದು

ಸಾಯುತ್ತಿರುವ ಅಥವಾ ಸತ್ತ ಮರದಲ್ಲಿ ಮಾತ್ರ ಇದನ್ನು ಮಾಡಿ. ಆರೋಗ್ಯವಾಗಿರುವ ಮರದ ತೊಗಟೆ ಸುಮ್ನೆ ಕಿತ್ತರೆ ನೀವೇ ಕೀಟಗಳಿಗೆ ಬಾಗಿಲು ತೆರೆದ ಹಾಗೆ. ಅಂಗೈಯಗಲದ ತುಂಡನ್ನು ಚಾಕುವಿನಿಂದ ಎಬ್ಬಿಸಿ, ಒಳಬದಿ ತಿರುಗಿಸಿ ನೋಡಿ. ತೊಗಟೆ ದುಂಬಿಯ ಕೆಲಸವಾದರೆ ತಾಯಿ ತೋಡಿದ ಒಂದು ಸುರಂಗ, ಅದರಿಂದ ಎರಡೂ ಬದಿಗೆ ಹೊರಟ ಮರಿಗಳ ಸಣ್ಣ ಸುರಂಗಗಳು ಕಾಣುತ್ತವೆ. ಮರಿಗಳ ಸುರಂಗ ಶುರುವಿನಲ್ಲಿ ಕಿರಿದು, ಹೋಗುತ್ತಾ ಅಗಲ. ಹುಳು ದಪ್ಪವಾದಂತೆ ದಾರಿಯೂ ದಪ್ಪವಾಗುತ್ತದೆ, ಅಷ್ಟೇ. ಬುಪ್ರೆಸ್ಟಿಡ್ ಆದರೆ ಹುಡಿ ತುಂಬಿದ, ಅಂಕುಡೊಂಕಾದ ಚಪ್ಪಟೆ ದಾರಿ.

ಇಲ್ಲಿ ನೋಡಲೇಬೇಕಾದ್ದು ಒಳಗಿರುವವರ ವಯಸ್ಸು. ಬಿಳಿ ಮರಿಹುಳುಗಳಿವೆಯೋ, ಕೋಶಗಳಿವೆಯೋ, ಹಾರಲು ಸಿದ್ಧವಾದ ದುಂಬಿಗಳಿವೆಯೋ, ಬರೀ ಖಾಲಿ ಸುರಂಗವೋ? ಮುಂದಿನ ತೀರ್ಮಾನವೆಲ್ಲ ಇದರ ಮೇಲೆ ನಿಂತಿದೆ.

ಹೆಜ್ಜೆ 5: ಬುಡ ಮತ್ತು ಬೇರು

ದೊಡ್ಡ ಮರದ ತೊಗಟೆಯ ಮೇಲೆ ಗೆದ್ದಲಿನ ಮಣ್ಣು ಕಂಡರೆ ಅಂಥ ಅವಸರವೇನಿಲ್ಲ. ಹೆಚ್ಚಾಗಿ ಅವು ಸತ್ತ ಹೊರತೊಗಟೆಯನ್ನಷ್ಟೇ ತಿನ್ನುತ್ತಿರುತ್ತವೆ. ಹೊಸದಾಗಿ ನೆಟ್ಟ ಸಸಿಯಾದರೆ ಮಾತು ಬೇರೆ. ನೀಲಗಿರಿಯ ಎಳೆ ಸಸಿಗಳ ತಾಯಿಬೇರನ್ನೇ ಗೆದ್ದಲು ಕತ್ತರಿಸುತ್ತದೆ. ಬಾಡಿದ ಸಸಿಯನ್ನು ಮೆಲ್ಲಗೆ ಎಳೆದರೆ ಬೇರಿಲ್ಲದೆ ಕೈಗೆ ಬಂದುಬಿಡುತ್ತದೆ. ನರ್ಸರಿ ಪಾತಿಯಲ್ಲಿ ಹೀಗಾದರೆ ಮಣ್ಣು ಕೆದಕಿ. ಸಿ ಅಕ್ಷರದಂತೆ ಮುದುಡಿದ ಬಿಳಿ ಗೊಣ್ಣೆ ಹುಳುವೂ ಸಿಗಬಹುದು.

ಹೆಜ್ಜೆ 6: ಎಣಿಸಿ, ಮಾದರಿ ಹಿಡಿಯಿರಿ

ಒಂದು ಮರ ನೋಡಿ ಇಡೀ ಕಾಡಿನ ಬಗ್ಗೆ ಹೇಳಬೇಡಿ. ನೇರ ಗೆರೆಯಲ್ಲಿ ನಡೆಯುತ್ತಾ ಪ್ರತಿ ಹತ್ತನೆಯ ಮರವನ್ನು ನೋಡಿ. ಎಲೆ ಎಷ್ಟು ಹೋಗಿದೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಬರೆದುಕೊಳ್ಳಿ. ಅದಕ್ಕಿಂತ ಸೂಕ್ಷ್ಮ ಲೆಕ್ಕ ಕಣ್ಣಳತೆಗೆ ಸಿಗುವುದಿಲ್ಲ. ದಿನಾಂಕ ಬರೆಯುವುದನ್ನು ಮಾತ್ರ ಬಿಡಬೇಡಿ.

ಮರಿಹುಳುವನ್ನು ಹಾಗೇ ಶೀಶೆಗೆ ಹಾಕಿದರೆ ಕಪ್ಪಾಗಿ ಕೊಳೆಯುತ್ತದೆ. ಮೊದಲು ಕುದಿಗೆ ಹತ್ತಿರದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಆಮೇಲೆ ಶೇ. 70ರ ಆಲ್ಕೋಹಾಲ್‌ಗೆ ಹಾಕಿ. ಕೆಲವು ಹುಳುಗಳನ್ನು ಜೀವಂತ ಸಾಕಿ. ಗಾಳಿಯಾಡುವ ಡಬ್ಬಿ, ದಿನವೂ ಅದೇ ಮರದ ಹೊಸ ಎಲೆ. ಪತಂಗ ಹೊರಬಂದರೆ ತಜ್ಞರಿಗೆ ಗುರುತಿಸುವುದು ಸುಲಭ. ಪತಂಗದ ಬದಲು ಸಣ್ಣ ಕಣಜಗಳೋ ನೊಣಗಳೋ ಹೊರಬಂದರೆ ಇನ್ನೂ ಒಳ್ಳೆಯ ಸುದ್ದಿ. ಹುಳುವನ್ನು ಒಳಗಿಂದಲೇ ತಿನ್ನುವ ಪರಾವಲಂಬಿಗಳು ನಿಮ್ಮ ಕಾಡಿನಲ್ಲಿ ಕೆಲಸ ಶುರು ಮಾಡಿವೆ.

ಹೆಜ್ಜೆ 7: ಕಾಯುವುದೋ, ಕೈಹಾಕುವುದೋ

ನನ್ನನ್ನು ಕೇಳಿದರೆ ಎಲೆ ತಿನ್ನುವ ಹುಳುವಿಗೆ ಮೊದಲ ಉತ್ತರ ಕಾಯುವುದು. ಆರೋಗ್ಯವಾಗಿರುವ ಅಗಲ ಎಲೆಯ ಮರ ಒಮ್ಮೆ ಪೂರ್ತಿ ಬೋಳಾದರೂ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಕಾಯಬಾರದ ಸಂದರ್ಭಗಳೂ ಇವೆ. ವರ್ಷ ವರ್ಷ ಮತ್ತೆ ಮತ್ತೆ ಬೋಳಾಗುತ್ತಿದ್ದರೆ, ಜೊತೆಗೆ ಬರವಿದ್ದರೆ, ಮರ ಇನ್ನೂ ಸಸಿಯಾಗಿದ್ದರೆ. ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ನಿತ್ಯಹಸಿರು ಮರಗಳು ಪೂರ್ತಿ ಎಲೆ ಕಳೆದುಕೊಂಡರೆ ಒಂದೇ ಸಲಕ್ಕೆ ಸಾಯಲೂಬಹುದು.

ಹುಳುಗಳು ಮೆತ್ತಗಾಗಿ, ತಲೆಕೆಳಗಾಗಿ ಜೋತುಬಿದ್ದು ಸತ್ತಿದ್ದರೆ ಅವಕ್ಕೆ ವೈರಸ್ ತಗುಲಿದೆ. ಮುಟ್ಟಿದರೆ ಮೈಯೊಡೆದು ದ್ರವ ಸುರಿಯುತ್ತದೆ. ಹಾವಳಿ ತಾನಾಗಿಯೇ ಕುಸಿಯುವ ಲಕ್ಷಣ ಅದು. ಆಗ ಸಿಂಪಡಣೆಗೆ ಹೊರಟರೆ ಶ್ರಮವಷ್ಟೇ ದಂಡ. ತೇಗದ ಹೈಬ್ಲಿಯಾ ಮೇಲೆ ಇದೇ ಬಗೆಯ ವೈರಸ್ಸನ್ನು ಕೇರಳದ ಅರಣ್ಯ ಸಂಶೋಧನಾ ಸಂಸ್ಥೆ ಸಿಂಪಡಣೆಗಾಗಿ ಬೆಳೆಸಿತು.

ತೊಗಟೆ ದುಂಬಿ, ಕಾಂಡ ಕೊರಕಗಳ ವಿಷಯದಲ್ಲಿ ಕಾಯುವಂತಿಲ್ಲ. ಇವತ್ತಿನ ಹತ್ತು ಮರ ಮುಂದಿನ ಹಾರಾಟದ ಹೊತ್ತಿಗೆ ನೂರಾಗಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಲ್ಲಿ ಶುರುವಾದ ಪೈನ್ ದುಂಬಿಯ ಹಾವಳಿ ಕೊನೆಗೆ ಸುಮಾರು 1.8 ಕೋಟಿ ಹೆಕ್ಟೇರ್ ಕಾಡನ್ನು ಮುಟ್ಟಿತು. ಮರಿಗಳನ್ನು ಕೊಲ್ಲುತ್ತಿದ್ದ ಕಡುಚಳಿ ಕಡಿಮೆಯಾದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಮಧ್ಯ ಯುರೋಪಿನಲ್ಲಿ 2018ರ ಬರದ ನಂತರ ಸ್ಪ್ರೂಸ್ ಕಾಡುಗಳಲ್ಲೂ ಹೀಗೇ ಆಯಿತು. ಬಾಯಾರಿದ ಮರದಲ್ಲಿ ರಾಳ ಕಡಿಮೆ, ದುಂಬಿಗೆ ಒಳಗೆ ಹೋಗುವುದು ಸಲೀಸು.

ಎಲೆ ಉದುರಿ, ಸುರಂಗವೆಲ್ಲ ಖಾಲಿಯಾದ ಮರವನ್ನು ಅವಸರದಲ್ಲಿ ಕಡಿದು ಪ್ರಯೋಜನವಿಲ್ಲ. ದುಂಬಿಗಳು ಆಗಲೇ ಪಕ್ಕದ ಹಸಿರು ಮರಕ್ಕೆ ಹೋಗಿವೆ. ಸತ್ತ ಮರಗಳಲ್ಲಿ ಒಂದಷ್ಟನ್ನು ನಿಲ್ಲಲು ಬಿಟ್ಟರೆ ಮರಕುಟಿಗಗಳಿಗೆ ಮನೆಯಾಗುತ್ತದೆ.

ಹೆಜ್ಜೆ 8: ಮಾಡುವುದಾದರೆ ಹೀಗೆ

ದುಂಬಿ ಒಳಗಿರುವ ಮರಗಳನ್ನು ಅವು ಹಾರುವ ಮುನ್ನವೇ ಕಡಿದು ಹೊರಸಾಗಿಸಬೇಕು. ಸಾಗಿಸಲು ಆಗದಿದ್ದರೆ ತೊಗಟೆ ಸುಲಿಯಿರಿ. ಬಿಳಿ ಮರಿಹುಳುಗಳ ಹಂತದಲ್ಲಿ ಸುಲಿದರೆ ಅವು ಒಣಗಿ ಸಾಯುತ್ತವೆ. ರೆಕ್ಕೆ ಬಲಿತ ದುಂಬಿಗಳಿದ್ದರೆ ಬರೀ ಸುಲಿದರೆ ಸಾಲದು, ತೊಗಟೆಯನ್ನು ಸುಡಬೇಕು ಅಥವಾ ಪುಡಿ ಮಾಡಬೇಕು. ನಾಲ್ಕನೆಯ ಹೆಜ್ಜೆಯಲ್ಲಿ ವಯಸ್ಸು ನೋಡಿ ಅಂದದ್ದು ಇದಕ್ಕೇ.

ಸಾಲ್ ಕೊರಕಕ್ಕೆ ಬೇಟೆ ಮರದ ಉಪಾಯವಿದೆ. ಮಳೆ ಶುರುವಾಗಿ ದುಂಬಿಗಳು ಹೊರಬರುವ ಹೊತ್ತಿಗೆ ಆಗಲೇ ಹಾಳಾದ ಕೆಲವು ಸಾಲ್ ಮರಗಳನ್ನು ಕಡಿದು ತುಂಡು ಮಾಡುತ್ತಾರೆ. ತುದಿಗಳ ತೊಗಟೆಯನ್ನು ಬಡಿದು ಸಡಿಲ ಮಾಡುತ್ತಾರೆ. ಹಸಿ ರಸದ ವಾಸನೆಗೆ ದುಂಬಿಗಳು ದೂರದಿಂದ ಬಂದು, ರಸ ಕುಡಿದು, ತೊಗಟೆಯ ಕೆಳಗೆ ಸೇರಿಕೊಳ್ಳುತ್ತವೆ. ಅವನ್ನು ದಿನವೂ ಕೈಯಿಂದಲೇ ಹಿಡಿದು ಕೊಲ್ಲುವುದು. ರಸ ಒಣಗಿದರೆ ಮತ್ತೆ ಹಸಿ ಮುಖ ಕತ್ತರಿಸಬೇಕು. ಹಿಡಿಯುವ ಜನ ಒಂದೆರಡು ದಿನ ತಪ್ಪಿಸಿದರೂ ಅದೇ ತುಂಡು ದುಂಬಿ ಸಾಕುವ ಜಾಗವಾಗುತ್ತದೆ.

ಒಂದೆರಡು ಮರದ ಇಂಡರ್ಬೆಲಾಕ್ಕೆ ಔಷಧವೇ ಬೇಡ. ಪಟ್ಟಿ ಒರೆಸಿ, ತೂತಿಗೆ ತಂತಿ ತೂರಿಸಿ ಹುಳುವನ್ನು ಚುಚ್ಚಿ, ಜೇಡಿಮಣ್ಣಿನಿಂದ ಮುಚ್ಚಿ. ವಾರ ಬಿಟ್ಟು ಹೋಗಿ. ಹೊಸ ಪಟ್ಟಿ ಕಂಡರೆ ಹುಳು ಉಳಿದಿದೆ. ಮಹಾಗನಿಯ ಚಿಗುರು ಕೊರಕಕ್ಕೆ ಬಾಡಿದ ತುದಿಯನ್ನು ಹುಳುವಿನ ಸಮೇತ ಕತ್ತರಿಸಿ ನಾಶ ಮಾಡಿ, ಆಮೇಲೆ ಬಂದ ಚಿಗುರುಗಳಲ್ಲಿ ನೇರವಾದ ಒಂದನ್ನು ಬಿಟ್ಟು ಉಳಿದದ್ದನ್ನು ಚಿವುಟಿ. ನೀಲಗಿರಿಯ ಗಂಟು ಕಣಜವನ್ನು ಹಿಡಿತಕ್ಕೆ ತಂದದ್ದರಲ್ಲಿ ದೊಡ್ಡ ಪಾಲು ಅದರ ಮೇಲೆ ಬದುಕುವ ಬೇರೆ ಕಣಜಗಳದ್ದು.

ಸಿಂಪಡಣೆ ನರ್ಸರಿಗೆ ಸರಿ. ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ ಬ್ಯಾಕ್ಟೀರಿಯಾ ಎಲೆಯ ಜೊತೆ ಎಳೆ ಮರಿಹುಳುವಿನ ಹೊಟ್ಟೆಗೆ ಹೋದರೆ ಕೆಲಸ ಮಾಡುತ್ತದೆ. ಬಲಿತ ಹುಳುವಿಗೆ ಅಷ್ಟಾಗಿ ತಾಗದು, ಕಾಂಡದೊಳಗಿನ ಕೊರಕಕ್ಕಂತೂ ತಲುಪುವುದೇ ಇಲ್ಲ. ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಸಂಜೆ ಹೊಡೆಯಿರಿ. ಇಡೀ ಕಾಡಿಗೆ ರಾಸಾಯನಿಕ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಜೇನು, ನೀರು, ಹಕ್ಕಿಗಳ ಮಾತು ಹಾಗಿರಲಿ, ಮೊದಲು ಸಾಯುವುದು ಪರಾವಲಂಬಿ ಕಣಜಗಳು, ಆಮೇಲೆ ಹುಳು ಮತ್ತಷ್ಟು ಜೋರಾಗಿ ವಾಪಸ್ಸು ಬರುತ್ತದೆ.

ಹೊಸದಾಗಿ ನೆಡುವುದಾದರೆ ಒಂದೇ ಜಾತಿ, ಒಂದೇ ವಯಸ್ಸು ಬೇಡ. ದಟ್ಟವಾದಲ್ಲಿ ಕೆಲವು ಮರಗಳನ್ನು ತೆಗೆದು, ಸಮಯಕ್ಕೆ ಸರಿಯಾಗಿ ತೋಪನ್ನು ತೆಳುಗೊಳಿಸಿ. ಉಳಿದ ಮರಗಳಿಗೆ ನೀರು, ಬೆಳಕು ಜಾಸ್ತಿ ಸಿಗುತ್ತದೆ. ದುಂಬಿ ಹಾರುವ ಕಾಲದಲ್ಲಿ ಹಸಿ ದಿಮ್ಮಿಗಳನ್ನು ಕಾಡಿನೊಳಗೆ ಬಿಡಬೇಡಿ.

ಹೆಜ್ಜೆ 9: ಕಟ್ಟಿಗೆ ಸಾಗಿಸುವ ಮುನ್ನ

ದುಂಬಿ ತಾನಾಗಿ ಹಾರುವುದಕ್ಕಿಂತ ಎಷ್ಟೋ ಹೆಚ್ಚು ದೂರ ಲಾರಿಯಲ್ಲಿ ಹೋಗುತ್ತದೆ. ತೊಗಟೆ ಇರುವ ಸೌದೆಯನ್ನು ಹಾವಳಿಯ ಜಾಗದಿಂದ ಹೊರಗೆ ಒಯ್ಯಬೇಡಿ, ಅಲ್ಲೇ ಉರಿಸಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆ, ಹಲಗೆಗಳಿಗೆ ಅಂತಾರಾಷ್ಟ್ರೀಯ ನಿಯಮವೇ ಇದೆ. ಮಾಮೂಲಿ ಬಿಸಿ ವಿಧಾನದಲ್ಲಿ ಕಟ್ಟಿಗೆಯ ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ಎಡೆಬಿಡದೆ ತಾಗಿರಬೇಕು. ಹಾಗೆ ಸಂಸ್ಕರಿಸಿದ ಹಲಗೆಯ ಮೇಲೆ ಗೋಧಿ ತೆನೆಯ ಮುದ್ರೆ ಇರುತ್ತದೆ. ಮುದ್ರೆಯಿಲ್ಲದ, ತೊಗಟೆಯ ಚೂರು ಅಂಟಿದ ಹಳೆ ಪೆಟ್ಟಿಗೆಯನ್ನು ಕಾಡಂಚಿನ ಗೋದಾಮಿನಲ್ಲಿ ಕಂಡರೆ ಮೂರನೆಯ ಹೆಜ್ಜೆಯ ತೂತು ಅಲ್ಲೂ ಹುಡುಕಿ. ತೂತಿನ ಕೆಳಗೆ ಹೊಸ ಹುಡಿ ಇದ್ದರೆ ಪೆಟ್ಟಿಗೆಯನ್ನು ಅಲುಗಾಡಿಸದೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಟ್ಟು, ಅರಣ್ಯ ಇಲಾಖೆಗೋ ಸಸ್ಯ ಸಂರಕ್ಷಣೆಯವರಿಗೋ ತಿಳಿಸಿ.